ಹಸಿ ನೆಲ

ಬಚ್ಚಲಲ್ಲಿ ಗಂಡ ಸಿಮೆಂಟು ಕಲಸಿ ಮುಗಿಸುವುದಕ್ಕೂ ಹೊರಗೆ ಕಾರು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅವಳು ಕಿಟಕಿಯಿಂದ ಇಣುಕಿದಳು. ಮನೆ ಮಾಲೀಕರು ಇಳಿದರು. ಅವರ ಹಿಂದೆ ಗುರುತಿಲ್ಲದ ಗಂಡಹೆಂಡತಿ.

ಮನೆಯ ಕಂತು ಈ ತಿಂಗಳೂ ತಡವಾಗಿತ್ತು. ಕರಾರಿನ ಪ್ರಕಾರ ಕಂತೆಲ್ಲ ತೀರಿದ ದಿನ ಮನೆ ಇವರದು, ಅಲ್ಲಿಯವರೆಗೆ ಮಾಲೀಕರದೇ. ಪದೇ ಪದೇ ತಪ್ಪಿದರೆ ಕರಾರು ರದ್ದು, ಕಟ್ಟಿದ್ದೆಲ್ಲ ಬಾಡಿಗೆಯ ಲೆಕ್ಕಕ್ಕೆ. ಸಹಿ ಹಾಕಿಸುವಾಗ ಮಾಲೀಕರು ಅದನ್ನು ಓದಿಯೇ ಹೇಳಿದ್ದರು, ಮುಚ್ಚಿಟ್ಟರು ಅನ್ನುವಂತಿಲ್ಲ. ಆದರೆ ಗಂಡ ಟೈಲ್ಸ್ ಹಾಕುವವನು. ಕೆಲಸ ಮಾಡಿಸಿಕೊಳ್ಳುವಾಗ ಕುತ್ತಿಗೆ ಮೇಲೆ ಕೂರುವ ಗುತ್ತಿಗೆದಾರರು ಕೂಲಿ ಕೇಳಿದರೆ ನಾಳೆ ಬಾ ಅನ್ನುತ್ತಿದ್ದರು. ಅವರ ನಾಳೆ ಬರುವ ಹೊತ್ತಿಗೆ ಇವರ ಕಂತಿನ ದಿನ ಕಳೆದಿರುತ್ತಿತ್ತು.

ಮೊದಲ ಸಲ ತಡವಾದಾಗ ಅವಳು ನಾಚಿಕೆಯಿಂದ ಕುಗ್ಗಿಹೋಗಿದ್ದಳು. ಮಾಲೀಕರು ಮಾತ್ರ, "ಪರವಾಗಿಲ್ಲ ಬಿಡಮ್ಮ, ನೀವೆಲ್ಲಿ ಓಡಿಹೋಗ್ತೀರಿ?" ಎಂದು ನಕ್ಕಿದ್ದರು. ಅಂಥ ದೊಡ್ಡ ಮನಸ್ಸಿನವರಿಗೆ ಸುಮ್ಮನೆ ಮುಖ ತೋರಿಸುವುದು ಹೇಗೆಂದು ಗಂಡ ಸೋರುವ ಚಾವಣಿ ಸರಿಮಾಡಿ ಅವರನ್ನು ಕರೆದು ತೋರಿಸಿದ. ಆಮೇಲೆ ಅದೇ ರೂಢಿಯಾಯಿತು. ಕಂತು ತಡವಾದಾಗಲೆಲ್ಲ ಮನೆಗೆ ಏನಾದರೊಂದು ಆಗಬೇಕು. ಅಡುಗೆಕಟ್ಟೆ ಆಯಿತು, ನಡುಮನೆಯ ನೆಲವೂ ಆಯಿತು. ಕಟ್ಟಡಗಳಲ್ಲಿ ಮಿಕ್ಕ ಟೈಲ್ಸನ್ನು ಕೇಳಿ ತಂದು, ಬಣ್ಣಕ್ಕೆ ಬಣ್ಣ ಕೂಡಿಸಿ, ಒಡಕಲನ್ನು ಅಂಚಿಗೆ ಕತ್ತರಿಸಿ ಕೂರಿಸುತ್ತಿದ್ದ. ಮಾಲೀಕರು ಬಂದು ಭೇಷ್ ಅಂದರೆ ಹಿಗ್ಗಿ ಹೀರೇಕಾಯಿಯಾಗುತ್ತಿದ್ದ. ಸುಳ್ಳೇಕೆ, ಅವಳೂ ಹಿಗ್ಗಿದ್ದಳು.

ಬಂದ ಹೆಂಗಸು ನಡುಮನೆಯಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲ ಸವರಿ ನೋಡಿದಳು. ತನ್ನ ಗಂಡನತ್ತ ತಿರುಗಿ ಒಪ್ಪಿಗೆಯಾಯಿತೆಂಬಂತೆ ತಲೆಯಾಡಿಸಿದಳು. ಅಷ್ಟು ಸಾಕಾಯಿತು, ಅವರು ಮನೆ ಕೊಳ್ಳಲು ಬಂದವರೆಂದು ಇವಳಿಗೆ ತಿಳಿಯಿತು.

ಕರಾರು ರದ್ದಾಯಿತೆಂದು ಮಾಲೀಕರು ಎಂದಿನ ಮೆತ್ತನೆಯ ದನಿಯಲ್ಲೇ ಹೇಳಿದರು. ತಿಂಗಳ ಕೊನೆಗೆ ಮನೆ ಬಿಡಬೇಕು. ಅವಳು ಗೋಗರೆದಳು. ಸೋಮವಾರ ಕೂಲಿ ಬರುತ್ತದೆ ಅಂದಳು, ಯಂತ್ರ ಮಾರುತ್ತೇನೆ ಅಂದಳು.

"ಸಾರ್, ನೀವೇ ಅಲ್ವಾ ಪರವಾಗಿಲ್ಲ ಅಂದಿದ್ದು?"

"ಅಂದಿದ್ದೆನಮ್ಮ. ಆಗ ಈ ಮನೇನ ಕೇಳೋರೇ ಇರಲಿಲ್ಲ."

ಗಂಡ ಸಿಮೆಂಟಿನ ಕೈಯಲ್ಲೇ ಬಚ್ಚಲ ಬಾಗಿಲಿಗೆ ಬಂದು ನಿಂತಿದ್ದ. ಈ ತಿಂಗಳ ತಡಕ್ಕೆ ಹಿಡಿದ ಕೆಲಸ ಬಚ್ಚಲಿನ ನೆಲ. ಮಾಲೀಕರು ಅವನ ಭುಜದ ಮೇಲಿಂದ ಒಳಗೆ ಕಣ್ಣುಹಾಯಿಸಿ, ಶುರು ಮಾಡಿದ್ದನ್ನು ಮುಗಿಸಿಬಿಡು, ಇದಕ್ಕೆ ಕೂಲಿ ಕೊಡುತ್ತೇನೆ ಅಂದರು. ಅವನು ಕರಣೆ ಎಸೆಯುತ್ತಾನೆಂದು ಅವಳು ಕಾದಳು. ಅವನು ಹಿಂತಿರುಗಿ ಒಳಗೆ ಹೋದ.

ಕಾರು ಹೋದ ಮೇಲೂ ಬಚ್ಚಲಿನಿಂದ ಟೈಲ್ಸ್ ತಟ್ಟುವ ಸದ್ದು ಕೇಳುತ್ತಲೇ ಇತ್ತು. ಅವಳು ದಡದಡನೆ ಬಚ್ಚಲ ಬಾಗಿಲಿಗೆ ಬಂದಳು.

"ಯಾರಿಗೆ ಹಾಕ್ತಿದೀರಿ ಇದನ್ನ?"

ಅವನು ತಲೆಯೆತ್ತಲಿಲ್ಲ. "ಕಲಸಿಬಿಟ್ಟಿದೀನಲ್ಲ. ಗಟ್ಟಿಯಾಗಿಬಿಡುತ್ತೆ."

ಕಾಲಲ್ಲಿ ತುಳಿದು ಎಲ್ಲವನ್ನೂ ಎಬ್ಬಿಸಿಬಿಡಬೇಕು ಅನ್ನಿಸಿತು ಅವಳಿಗೆ. ಸಾಲು ಎಷ್ಟು ನೇರವಾಗಿತ್ತೆಂದರೆ ಕಾಲು ಮೇಲೇಳಲಿಲ್ಲ. ಅವನು ಮೂಲೆಯಿಂದ ಹಾಕುತ್ತ, ಹಿಂದೆ ಹಿಂದೆ ಸರಿಯುತ್ತ ಹೊಸ್ತಿಲಿಗೆ ಬಂದ. ಕೊನೆಯದನ್ನು ಕೂರಿಸಿ, ಅಂಚನ್ನು ಒರೆಸಿ, ಯಾರೂ ತುಳಿಯದಂತೆ ಬಾಗಿಲಿಗೆ ಎಂದಿನಂತೆ ಹಲಗೆ ಅಡ್ಡವಿಟ್ಟ.

ಕೈ ತೊಳೆಯಲು ಇದ್ದ ಒಂದೇ ನಲ್ಲಿ ಬಚ್ಚಲಿನ ಆಚೆ ಗೋಡೆಗಿತ್ತು, ಹಸಿ ನೆಲದ ಆ ಕಡೆ. ಇಬ್ಬರೂ ಹೊಸ್ತಿಲಲ್ಲೇ ನಿಂತರು. ಅವಳು ಹೊಲಿಗೆಯಲ್ಲಿ ಮಿಕ್ಕ ಬಟ್ಟೆಯ ಚೂರೊಂದನ್ನು ತಂದು, ಅವನ ಬೆರಳುಗಳ ಮೇಲೆ ಒಣಗುತ್ತಿದ್ದ ಸಿಮೆಂಟನ್ನು ಒಂದೊಂದೇ ಬೆರಳಾಗಿ ಉಜ್ಜತೊಡಗಿದಳು.