ಮಾತಿನ ತುದಿ

ಹೆಣಕ್ಕೆ ಸುತ್ತಿದ ಕಫನಿನ ಗಂಟು ಬಿಗಿಯುತ್ತಿದ್ದ ರಮಜಾನಬಿಯ ಕೈಯನ್ನು ಹಸೀನಾಬಿ ಬಂದವಳೇ ಹಿಡಿದುಕೊಂಡಳು. ತಲೆಯ ಕಡೆಯ ಗಂಟು ಅದೊಂದೇ ಉಳಿದಿತ್ತು. ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ಒಂದು ಬಸ್ಸು, ಅಲ್ಲಿಂದ ಮೇಡ್ಲೇರಿಗೆ ಇನ್ನೊಂದು. ಬಸ್ಸಿಳಿದಲ್ಲಿಂದ ಓಡಿಯೇ ಬಂದಿದ್ದಳು.

ರಮಜಾನಬಿ ಬಾಗಿಲ ಕಡೆ ಒಮ್ಮೆ ನೋಡಿ ಬಟ್ಟೆ ಸರಿಸಿದಳು. "ಲಗೂ ನೋಡು ಹಸೀನಾ. ಹೊರಗ ಜನಾಜಾ ಹೊರೂ ಮಂದಿ ತಯಾರ ಅದಾರ."

ಅಮ್ಮನ ಮುಖ ಸಣ್ಣದಾಗಿತ್ತು. ತುಟಿ ಬಲಕ್ಕೆ ಜಗ್ಗಿ, ಏನೋ ಹೇಳಹೊರಟು ನಿಂತಂತೆ ಕಾಣುತ್ತಿತ್ತು. ಎರಡು ವರ್ಷದಿಂದ ನೋಡದ ಮುಖ. ಮುಟ್ಟಬೇಕೆನ್ನುವಷ್ಟರಲ್ಲಿ ಗಂಡಸರು ಒಳಗೆ ಬಂದರು. ಮುಂದೆ ಅಪ್ಪ ಫಕ್ಕೀರಸಾಬ, ಹಿಂದೆ ಅಣ್ಣ ಕಾಸೀಮಸಾಬ. ಫಕ್ಕೀರಸಾಬ ಮಗಳನ್ನು ನೋಡಿದ. ನೋಡಿ ಮುಖ ತಿರುಗಿಸಿದ.

"ತಡಾ ಆತು. ಎತ್ತು," ಎಂದು ಮಗನಿಗಷ್ಟೇ ಹೇಳಿದ.

*

ಹಸೀನಾಳ ಅಮ್ಮ ಸಕೀನಾಬಿ ಊರಿನ ಬಾಲವಾಡಿಯಲ್ಲಿ ಕಲಿಸುವ ಅಕ್ಕೋರು. ಅಲ್ಲಿಗೆ ಬರುವ ಮಕ್ಕಳಿಗೆ ಮಾತಿನ ಮೊದಲ ಭಾಗ ಕೇಳುತ್ತಿತ್ತು, ತುದಿ ಕೇಳುತ್ತಿರಲಿಲ್ಲ. ತುಟಿ ನೋಡಿ ಹೇಳಬಾರದೆಂದು ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಂದೊಂದೇ ಮಾತು ಆಡುತ್ತಿದ್ದಳು. ಕೊನೆಗೆ ಕಿವಿಯಲ್ಲಿ ಉಳಿದ ಸಪ್ಪಳ ಯಾವುದೆಂದು ಮಕ್ಕಳು ಹೇಳಬೇಕು. ಮರ ಎಂದರೆ ರ. ಗಾಳಿ ಎಂದರೆ ಳಿ. ಅದು ಪಳಗಿದ ಮೇಲೆ ಗೊಂಬೆಗಳು ಬರುತ್ತಿದ್ದವು. ಹಳೇ ಸೀರೆಯ ತುಂಡಿನಲ್ಲಿ ಆಕೆಯೇ ಹೊಲಿದಿದ್ದು, ಒಂದು ಗಂಡು, ಒಂದು ಹೆಣ್ಣು. ಅಕ್ಕೋರು "ಬರ್ತಾನ" ಎಂದರೆ ಗಂಡುಗೊಂಬೆ ಎತ್ತಬೇಕು, "ಬರ್ತಾಳ" ಎಂದರೆ ಹೆಣ್ಣುಗೊಂಬೆ.

ಹಸೀನಾಳಿಗೆ ಆಗ ನಾಲ್ಕು ತುಂಬಿತ್ತು. ಅಮ್ಮ "ಬರ್ತಾ" ಎನ್ನುವಷ್ಟರಲ್ಲೇ ಕೈಗೆ ಸಿಕ್ಕಿದ್ದನ್ನು ಎತ್ತಿಬಿಡುತ್ತಿದ್ದಳು. ಉಳಿದ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ಅಮ್ಮ ನಗುತ್ತಿರಲಿಲ್ಲ. ಹತ್ತಿರ ಕೂರಿಸಿಕೊಂಡು ಮತ್ತೆ ಮೊದಲಿನಿಂದ ಹೇಳುತ್ತಿದ್ದಳು.

"ತುದೀತನಕ ಕೇಳಬೇಕು ಬೇಟಾ. ಬರೋರು ಯಾರಂತ ತುದ್ಯಾಗ ಐತಿ."

*

ಆ ಬುದ್ಧಿ ಹಸೀನಾಳಿಗೆ ದೊಡ್ಡವಳಾದ ಮೇಲೂ ಬರಲಿಲ್ಲ. ಗುತ್ತಲದ ಗಂಡ ಇನ್ನೊಬ್ಬಳನ್ನು ಮನೆಗೆ ತಂದು ಕೂರಿಸಿದ ದಿನ ಆಕೆ ಬಟ್ಟೆಗಂಟು ಹಿಡಿದು ತವರಿಗೆ ಬಂದಿದ್ದಳು. ಅಪ್ಪ ಹೊಸ್ತಿಲು ಬಿಟ್ಟು ಕದಲಲಿಲ್ಲ. ಕೊಟ್ಟ ಮನೆಗೇ ತಿರುಗಿ ಹೋಗೆಂದ, ಇಲ್ಲಿ ಜಾಗವಿಲ್ಲವೆಂದ. ಅವನ ಹೆಗಲ ಹಿಂದಿನಿಂದ ಅಮ್ಮ ಬಾಯಿ ತೆರೆದಳು.

"ಹಸೀನಾ, ನೀ ಸುಮ್ನ..."

ಸುಮ್ಮನೆ ತಿರುಗಿ ಹೋಗು ಎನ್ನುತ್ತಾಳೆಂದುಕೊಂಡು ಹಸೀನಾ ಮುಂದಿನದನ್ನು ಕೇಳಲು ನಿಲ್ಲಲಿಲ್ಲ. ಬ್ಯಾಡಗಿಗೆ ಹೋಗಿ ಒಂದು ಖೋಲಿ ಹಿಡಿದಳು. ಅಂಗಡಿಯೊಂದರಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಸಾಲಿಗೆ ಸೇರಿಕೊಂಡಳು. ಕಾಯಿಯ ಘಾಟಿಗೆ ಎಲ್ಲರ ಕಣ್ಣಲ್ಲೂ ನೀರು. ಅಳುವವರು ಯಾರೆಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಅಮ್ಮನೂ ತನ್ನನ್ನು ಬೇಡವೆಂದಳೆಂದೇ ಆಕೆ ಎರಡು ವರ್ಷ ನಂಬಿದ್ದಳು. ಈ ಬೆಳಿಗ್ಗೆ ಅಂಗಡಿಗೆ ಫೋನು ಬಂತು.

*

ಜನಾಜಾ ಓಣಿ ದಾಟಿದ ಮೇಲೆ ಮನೆಯಲ್ಲಿ ಹೆಂಗಸರಷ್ಟೇ ಉಳಿದರು. ರಮಜಾನಬಿ ಹಸೀನಾಳನ್ನು ಅಡಿಗೆಮನೆಗೆ ಕರೆದಳು. ಸಕೀನಾಬಿಯ ಕೈಕೆಳಗೆ ಬಾಲವಾಡಿಯಲ್ಲೇ ಆಯಾ ಆಗಿ ಹಣ್ಣಾದವಳು ಆಕೆ. ಒಲೆಯ ಬೂದಿ ಕೆದರುತ್ತ ಹೇಳಿದಳು.

"ಲಕ್ವಾ ಹೊಡದ ಮ್ಯಾಲ ಅಕ್ಕೋರಿಗೆ ಉರ್ದು ಒಂದೂ ಬರಲಿಲ್ಲ. ಬಾಲವಾಡಿ ಕನ್ನಡ ಅಷ್ಟ ಉಳದಿತ್ತು, ಅದೂ ಅರ್ಧಾ. ಬಾಗಲಾ ನೋಡೂದು, 'ಬರ್ತಾ' ಅನ್ನೂದು. ಮುಂದ ನಾಲಿಗಿ ಹೊಳ್ಳವಲ್ದು."

ಫಕ್ಕೀರಸಾಬ ಅದನ್ನು ಬರ್ತಾನ ಎಂದೇ ತಿಳಿದ. ಹಾವೇರಿಯ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಮಗನಿಗೆ ಹೇಳಿಕಳಿಸಿದ. ರಮಜಾನಬಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಬಾಲವಾಡಿಯ ಟ್ರಂಕಿನಿಂದ ಗೊಂಬೆಗಳನ್ನು ತಂದಳು.

"ಎರಡೂ ಹಿಡದು, ಯಾರ ಅಕ್ಕೋರ ಅಂತ ಕೇಳಿದೆ. ಎಡಗೈ ಎತ್ತಿ ಹೆಣ್ಣುಗೊಂಬಿ ಹಿಡಕೊಂಡ್ರು. ಬಿಡವಲ್ರು."

"ಅಬ್ಬಾ ಇದ್ರೇನು ಅಲ್ಲಿ?" ಹಸೀನಾ ಅಪ್ಪನ ಬಗ್ಗೆ ಕೇಳಿದಳು.

"ಅಲ್ಲೇ ನಿಂತಿದ್ರು. ಬೆರಳು ಬಿಡಿಸಿ ಗೊಂಬಿ ನನ್ನ ಕೈಯಾಗ ಕೊಟ್ರು. ಇದನ್ನ ಯಾರ ಮುಂದನೂ ಆಡಬ್ಯಾಡ ಅಂದ್ರು."

ನೀನಾದರೂ ಯಾಕೆ ಹೇಳಿ ಕಳಿಸಲಿಲ್ಲ ಎಂದು ಹಸೀನಾ ಕೇಳಿದಳು. ರಮಜಾನಬಿ ತಲೆ ತಗ್ಗಿಸಿದಳು.

"ಇವತ್ತ ಫೋನ್ ಮಾಡಿದ್ನಲ್ಲ."

ಹಸೀನಾಳಿಗೆ ಆ ಮುದುಕಿಯ ಮೇಲೆ ಸಿಟ್ಟು ಕೂಡ ಬರಲಿಲ್ಲ. ಸಿಟ್ಟು ಬಂದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಕ್ಕಂತಾಗುತ್ತಿತ್ತು.

ಮಣ್ಣು ಮಾಡಿ ಕಬರಸ್ತಾನದಿಂದ ಮೊದಲು ಬಂದವನು ಕಾಸೀಮ. ತಂಗಿಯನ್ನು ಕಂಡದ್ದೇ ಕಂಬಕ್ಕೆ ಆತು ಕುಸಿದ. ಅಷ್ಟು ದೊಡ್ಡ ಆಳು ಭುಜ ಕುಲುಕಿಸುತ್ತ ಅತ್ತ.

"ಅಮ್ಮಾ ನನ್ನ ಹಾದೀನ ಕಾಯಾಕತ್ತಿದ್ಲಂತ ಹಸೀನಾ. 'ಬರ್ತಾನ' ಅನಕೋತ ಇದ್ಲಂತ. ನಾ ಬರೂದ್ರಾಗ ಮಾತ ನಿಂತಿತ್ತು."

ಅದು 'ಬರ್ತಾಳ' ಎನ್ನಲು ಹಸೀನಾ ಬಾಯಿ ತೆರೆದಳು. ಅಡಿಗೆಮನೆಯ ಬಾಗಿಲಲ್ಲಿ ರಮಜಾನಬಿ ನಿಂತು ನೋಡುತ್ತಿದ್ದಳು.

"ಹೂಂ ಭಾಯಿ," ಎಂದಳು ಹಸೀನಾ. "ರಮಜಾನಬಿ ಖಾಲಾನೂ ಹಾಂಗ ಅಂದ್ಲು."

ಉಳಿದ ಗಂಡಸರು ಬಂದರು. ಫಕ್ಕೀರಸಾಬ ಒಳಗೆ ಬರಲಿಲ್ಲ. ಹಸೀನಾ ಇರುವತನಕ ಬರುವುದಿಲ್ಲವೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಬಿಸಿಲಲ್ಲೇ ಕೂತ. ಹಸೀನಾ ಹಂಡೆಯಿಂದ ಒಂದು ತಂಬಿಗೆ ನೀರು ತುಂಬಿ ತಂದು ಅವನ ಪಕ್ಕದಲ್ಲಿಟ್ಟಳು. ನಿಂತಳು. ಅಮ್ಮನ ಕೈಯಿಂದ ಗೊಂಬೆ ಯಾಕೆ ಬಿಡಿಸಿದೆ ಎಂದು ಕೇಳುವುದಿದ್ದರೆ ಈಗಲೇ ಕೇಳಬೇಕಿತ್ತು. ಕೇಳಿ ಮಾಡುವುದೇನೆಂದು ಹೊಳೆಯಲಿಲ್ಲ. ಚಪ್ಪಲಿ ಮೆಟ್ಟಿ ಓಣಿಗೆ ಇಳಿದಳು.

ತಿರುವಿನಲ್ಲಿ ಒಮ್ಮೆ ಹಿಂದಿರುಗಿ ನೋಡಿದಳು. ಅಪ್ಪ ಹಾಗೆಯೇ ಕೂತಿದ್ದ. ತಂಬಿಗೆ ಇಟ್ಟಲ್ಲೇ ಇತ್ತು. ಗೋರಿಗೆ ಮಣ್ಣು ಹಾಕಿದ ಎರಡೂ ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡಿದ್ದ. ಬಿಸಿಲಿಗೆ ಮಣ್ಣು ಒಣಗಿ, ಅಂಗೈ ತುಂಬ ಬೆಳ್ಳಗೆ ಬಿರಿಯತೊಡಗಿತ್ತು.