ಮೇಣ ಹತ್ತಿದ ಕೈ

ನಾಯಿಮರಿ ಮನೆಗೆ ಬಂದ ವಾರದೊಳಗೆ ಮಾವನ ಬಲಗೈಯಲ್ಲಿ ಬ್ಯಾಂಡೇಜ್ ಸುತ್ತದ ಬೆರಳು ಒಂದೇ ಉಳಿದಿತ್ತು. ಅದನ್ನೇ ಅವರು ಅಳಿಯನ ಮೂಗಿನ ಮುಂದೆ ಆಡಿಸಿದರು.

“ಶನಿವಾರ ಕೋಳಿ ಫಾರಂನೋರು ಹಲ್ಲಿನ ಅಳತೆ ಕೊಡೋಕೆ ಬರ್ತಾರೆ. ಅವರಿಗೊಂದು ನಾಯಿ ಬೇಕಂತೆ. ಕೊಡ್ತೀನಿ ಅಂತ ಮಾತು ಕೊಟ್ಟಾಗಿದೆ.”

ಅಳಿಯ ತಲೆಯಾಡಿಸಿದ. ಮನೆಅಳಿಯನಿಗೆ ಕತ್ತು ಇರುವುದೇ ಅದಕ್ಕೆ. ಮನೆ ಮಾವನದು, ಮುಂದಿನ ಕೋಣೆಯ ಕಟ್ಟುಹಲ್ಲಿನ ಅಂಗಡಿ ಮಾವನದು, ಅಲ್ಲಿ ಅವನು ಕೂರುವ ಸ್ಟೂಲೂ ಮಾವನದೇ. ಮದುವೆಯಾದ ಮೇಲೆ ಅವನು ತಾನಾಗಿ ಆ ಮನೆಗೆ ತಂದದ್ದು ಒಂದು ಟೂತ್‌ಬ್ರಶ್ಶು, ಒಂದು ನಾಯಿಮರಿ. ಟೂತ್‌ಬ್ರಶ್ಶಿನ ಬಗ್ಗೆ ಯಾರೂ ದೂರು ಹೇಳಿರಲಿಲ್ಲ.

ಮರಿಗೆ ಇಕ್ಕಳ ಎಂದು ಹೆಸರಿಟ್ಟವಳು ಹೆಂಡತಿ. ಒಂದು ಕಿವಿ ನಿಂತಿದ್ದು, ಇನ್ನೊಂದು ಜೋತುಬಿದ್ದದ್ದು, ಬಾಯಿ ತುಂಬ ಸೂಜಿ. ಚಪ್ಪಲಿ, ಪರದೆ, ಪೊರಕೆ ಎಲ್ಲದರ ರುಚಿ ನೋಡಿತ್ತು. ಆದರೆ ಅದಕ್ಕೆ ಪ್ರಾಣವೆಂದರೆ ಮಾವ ಅಳಿಯಂದಿರ ಬೆರಳು. ಅಳಿಯ ಕೂಗಿ ನೋಡಿದ. ಅದು ಆಟವೆಂದುಕೊಂಡು ಇನ್ನೂ ಬಿಗಿಯಾಗಿ ಕಚ್ಚಿತು. ಕೈ ಎಳೆದುಕೊಂಡ. ಕೈಯ ಜೊತೆ ಮರಿಯೂ ಬಂತು. ಬೆರಳು ತೋರಿಸಿ ಗದರಿದ. ಆ ಬೆರಳೂ ಹೋಯಿತು.

ಮಂಗಳವಾರ ಸಂಜೆ ಹೆಂಡತಿ ಲಾಂಡ್ರಿಯ ಕೆಲಸ ಮುಗಿಸಿ ಬಂದಾಗ ಅವನು ನೆಲದ ಮೇಲೆ ಕೂತು ಮರಿಯ ಬಾಯಿಗೆ ಏನೋ ಗುಲಾಬಿ ಬಣ್ಣದ್ದನ್ನು ಹಿಡಿದಿದ್ದ.

“ಏನ್ರೀ ಅದು?”

“ಮೇಣ. ಹಲ್ಲು ಬರೋವಾಗ ವಸಡು ನವೆ ಆಗುತ್ತಲ್ಲ. ಇದು ಮೆತ್ತಗಿರುತ್ತೆ. ನುಂಗೋಕೆ ಬಿಡಲ್ಲ.”

ಕಟ್ಟುಹಲ್ಲು ಮಾಡುವ ಮೊದಲು ಅದೇ ಮೇಣದಲ್ಲಿ ವಸಡಿನ ಅಚ್ಚು ಮಾಡಿ, ಗಿರಾಕಿಯ ಬಾಯಿಗಿಟ್ಟು, ಕಚ್ಚಿಸಿ ಅಳತೆ ನೋಡುತ್ತಾರೆ. ಮಾವ ಅಳಿಯ ಇಬ್ಬರೂ ದಿನವಿಡೀ ಅದನ್ನೇ ನಾದುತ್ತಿದ್ದರು.

“ಯಾವಾಗಿಂದ ಕೊಡ್ತಿದ್ದೀರಿ?”

“ಬಂದಾಗಿಂದ.”

ಅವಳು ಅವನ ಕೈ ಹಿಡಿದು ಮೂಸಿದಳು. ಆಮೇಲೆ ಇಸ್ತ್ರಿಯಲ್ಲಿ ಸುಟ್ಟ ಶರ್ಟನ್ನು ನೋಡುವಂತೆ ಅವನ ಮುಖ ನೋಡಿದಳು.

“ನಿಮ್ಮ ಕೈ, ಅಪ್ಪನ ಕೈ, ಎರಡೂ ಇದೇ ವಾಸನೆ. ನನ್ನ ಕೈ ಸೋಪಿನ ವಾಸನೆ, ನನ್ನ ತಂಟೆಗೆ ಬರಲ್ಲ. ಈ ವಾಸನೆ ಬಂದ್ರೆ ಕಚ್ಚಬೇಕು ಅಂತ ಹೇಳ್ಕೊಟ್ಟಿದ್ದು ನೀವು. ಅದು ಪಾಠ ಒಪ್ಪಿಸ್ತಿದೆ. ಮರಿಗೇನೋ ಬುದ್ಧಿ ಇದೆ ರೀ.”

ಅವತ್ತಿಂದ ಮೇಣ ಬಂದ್. ಹಳೇ ಟವೆಲಿನ ತುಂಡಿಗೆ ಗಂಟು ಹಾಕಿ, ಒದ್ದೆ ಮಾಡಿ, ಫ್ರಿಜ್ಜಿನಲ್ಲಿಟ್ಟು ಕೊಟ್ಟರು. ಕಚ್ಚಿದರೆ ಕೂಗಾಟವಿಲ್ಲ, ಎದ್ದು ಕೋಣೆಯಿಂದ ಹೊರಗೆ ಹೋಗುವುದು. ಆಟ ಯಾಕೆ ನಿಂತಿತೆಂದು ತಿಳಿಯದೆ ಇಕ್ಕಳ ಬಾಗಿಲ ಕಡೆ ನೋಡುತ್ತ ಕೂರುತ್ತಿತ್ತು. “ನಾಯಿಗೋಸ್ಕರ ನಾನು ಕೈ ತೊಳೀಬೇಕಾ?” ಎಂದು ಗೊಣಗುತ್ತಲೇ ಮಾವ ಮೊಣಕೈವರೆಗೆ ಸೋಪು ಹಚ್ಚಿ ತೊಳೆದರು.

ಶುಕ್ರವಾರ ಅವರ ಕೈಯಲ್ಲಿ ಬ್ಯಾಂಡೇಜ್ ಇರಲಿಲ್ಲ. ಊಟವಾದ ಮೇಲೆ ಇಕ್ಕಳ ಅವರ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅವರು ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

“ಕಚ್ಚೋದು ಕಡಿಮೆ ಆಯ್ತಲ್ಲ ಮಾವ.”

“ಗಿರಾಕಿಗೆ ಕೊಟ್ಟ ಮಾತು ತಪ್ಪೋಕಾಗುತ್ತಾ?” ಎಂದರು ಮಾವ. ದನಿಯಲ್ಲಿ ಗದರಿಕೆಯೇ ಇರಲಿಲ್ಲ.

ಶನಿವಾರ ಕೋಳಿ ಫಾರಂನವರು ಬಂದರು. ಬಾಗಿಲು ತುಂಬುವ ಆಳು, ಪೊದೆ ಮೀಸೆ, ಬಾಯಲ್ಲಿ ಒಂದೂ ಹಲ್ಲಿಲ್ಲ. ಮಾವ ಬೆಚ್ಚಗಿನ ಮೇಣದ ಅಚ್ಚು ಬಾಯಿಗಿಟ್ಟರು.

“ಕಚ್ಚಿ. ಹಾಂ. ಬಿಡಿ.”

ಅಳತೆಯಾದ ಕೂಡಲೇ ಗಿರಾಕಿಗೆ ಬಾಯಿ ಮುಕ್ಕಳಿಸಲು ನೀರು, ಮುಖ ಒರೆಸಿಕೊಳ್ಳಲು ಒದ್ದೆ ಟವೆಲು ಕೊಡುವುದು ಅಂಗಡಿಯ ಪದ್ಧತಿ. ಅದು ಅಳಿಯನ ಕೆಲಸ. ಅವನು ಲೋಟ, ಟವೆಲು ಹಿಡಿದು ಬಂದವನು ನಿಂತಲ್ಲೇ ನಿಂತ. ಗಿರಾಕಿಯ ಮೀಸೆಯ ಅಂಚಿನಲ್ಲಿ ಗುಲಾಬಿ ಮೇಣದ ಚೂರು ಅಂಟಿತ್ತು. ಅವನು ಮಾವನ ಕಡೆ ನೋಡಿದ. ಮಾವ ಕನ್ನಡಕ ತೆಗೆದು, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು.

“ಇದೇನಾ ಮರಿ? ಬಾರೋ ರಾಜ,” ಎಂದು ಗಿರಾಕಿ ಇಕ್ಕಳನನ್ನು ಎತ್ತಿ ಮುಖದ ಹತ್ತಿರ ಹಿಡಿದರು.

ಇಕ್ಕಳ ಒಮ್ಮೆ ಮೂಸಿ, ಮೀಸೆಗೂ ಕೆಳದುಟಿಗೂ ಒಟ್ಟಿಗೇ ಬಾಯಿ ಹಾಕಿತು.

“ಅಯ್ಯಯ್ಯೋ, ಬಿಡಿಸ್ರೀ, ಬಿಡಿಸ್ರೀ.”

ಅಳಿಯ ಲೋಟವಿಟ್ಟು, ಗಂಟು ಹಾಕಿದ ತಣ್ಣನೆಯ ಬಟ್ಟೆ ತಂದು ತೋರಿಸಿದ. ಮರಿ ತುಟಿ ಬಿಟ್ಟು ಅದನ್ನು ಹಿಡಿಯಿತು. ಗಿರಾಕಿ ಕನ್ನಡಿಯಲ್ಲಿ ತುಟಿ ನೋಡಿಕೊಂಡರು. ರಕ್ತವೇನೂ ಬಂದಿರಲಿಲ್ಲ. ಮೀಸೆ ಮಾತ್ರ ಒಂದು ಕಡೆ ನಿಂತು ಒಂದು ಕಡೆ ಜೋತುಬಿದ್ದು, ಥೇಟ್ ಇಕ್ಕಳನ ಕಿವಿಯಂತಾಗಿತ್ತು.

“ಇದನ್ನ ಫಾರಂಗೆ ಬಿಟ್ರೆ ಕೋಳಿಗೆ ಪುಕ್ಕ ಉಳಿಯಲ್ಲ ಸ್ವಾಮಿ. ಏನೂ ಅಂದ್ಕೋಬೇಡಿ, ನಿಮ್ಮಲ್ಲೇ ಇರ್ಲಿ.”

“ಹೋಗ್ಲಿ ಬಿಡಿ, ನಿಮ್ಮಿಷ್ಟ,” ಎಂದರು ಮಾವ, ಸಾಧ್ಯವಾದಷ್ಟು ಬೇಸರ ತಂದುಕೊಂಡು.

ಗಿರಾಕಿ ಹೋದ ಮೇಲೆ ಮಾವ ಅಳಿಯನ ಕಡೆ ತಿರುಗಿದರು.

“ಟವೆಲ್ ಕೊಡೋದು ಯಾರ ಕೆಲಸ?”

“ನಂದು.”

“ಮತ್ತೆ?”

“ನೀವೂ ಕೊಡು ಅನ್ನಲಿಲ್ಲ.”

ಮಾವ ಕನ್ನಡಕ ಹಾಕಿಕೊಂಡರು. “ಅವರ ಹಲ್ಲಿನ ಸೆಟ್ಟು ಮೊದಲು ಮುಗಿಸೋಣ. ಪಾಪ, ಒಳ್ಳೆ ಮನುಷ್ಯ.” ಸೋಪು ಹಚ್ಚಿ ಕೈ ತೊಳೆದು, ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತು, ಅಂಗೈ ಚಾಚಿದರು. ಇಕ್ಕಳ ಬಂದು ಮೂಸಿ, ಸೋಪಿನ ಘಾಟಿಗೆ ಸೀನಿ, ಆ ಕಡೆ ತಿರುಗಿ ಸ್ಟೂಲಿನ ಕಾಲು ಕಡಿಯತೊಡಗಿತು.

“ಮಾವ, ಸ್ಟೂಲು.”

“ನೋಡ್ದೆ,” ಎಂದರು ಮಾವ, ಕೂತಲ್ಲಿಂದ ಏಳದೆ.