ಜೋಯಾಳ ಬೆನ್ನಿಗೊಂದು ಬ್ಯಾಗು

ಮುಖ ನೋಡಿ ಭವಿಷ್ಯ ಹೇಳುವವರು ಊರಿಗೊಬ್ಬರಿರುತ್ತಾರೆ. ನಾನು ಬೆನ್ನು ನೋಡಿ ಬ್ಯಾಗು ಹೇಳುತ್ತೇನೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನ ಅಂಗಡಿ. ಬೋರ್ಡಿನ ಮೇಲೆ ಮನೆದೇವರ ಹೆಸರಿದೆ, ಜನ ಕರೆಯುವುದು ಮಾತ್ರ ನಾಗರತ್ನಕ್ಕನ ಅಂಗಡಿ ಎಂದೇ. ಸ್ಕೂಲ್ ಬ್ಯಾಗು, ಸೂಟ್‌ಕೇಸು, ಮದುವೆಗೆ ಹೊರಟವರ ಏರ್ ಬ್ಯಾಗು ಎಲ್ಲ ಇಟ್ಟಿದ್ದೇನೆ. ಈಚೆಗೆ ಬೆಟ್ಟಗುಡ್ಡ ತಿರುಗುವ ಹುಡುಗರು ಹೆಚ್ಚಾದ ಮೇಲೆ ಬೆನ್ನಿಗೆ ಹಾಕುವ ದೊಡ್ಡ ಚೀಲಗಳನ್ನೂ ತರಿಸುತ್ತೇನೆ. ಗಿರಾಕಿ ಕೇಳಿದ್ದನ್ನು ಕೊಟ್ಟು ಕೈತೊಳೆದುಕೊಳ್ಳುವ ಜಾಯಮಾನ ನನ್ನದಲ್ಲ. ತಪ್ಪು ಬ್ಯಾಗು ಕೇಳಿದರೆ ಬೈದು ಸರಿಯಾದದ್ದನ್ನು ಕೊಟ್ಟು ಕಳಿಸುತ್ತೇನೆ. ಬೈಸಿಕೊಂಡವರೇ ಮತ್ತೆ ಬರುತ್ತಾರೆ.

ಆ ದಿನ ಶಟರ್ ಎತ್ತಿ ಇನ್ನೂ ಕಸ ಗುಡಿಸಿರಲಿಲ್ಲ, ಅಜೀಜಾ ಬಂದು ನಿಂತಳು. ಹಿಂದಿನ ಓಣಿಯಲ್ಲಿ ಮನೆ, ಮನೆಯಲ್ಲೇ ಹೊಲಿಗೆ ಮೆಷಿನ್ನು. ಅರ್ಧ ಗುಂಡ್ಲುಪೇಟೆಯ ಹೆಂಗಸರ ಬ್ಲೌಸು ಅವಳ ಕೈಯಲ್ಲಿ ಹೊಲಿಸಿಕೊಂಡದ್ದು. ಗಂಡ ಅಪ್ಸರ್ ಪಾಷಾ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಾನೆ, ವಾರದಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ. ಮನೆಯಲ್ಲಿ ಉಳಿಯುವವರು ಅವಳು ಮತ್ತು ಮಗಳು ಜೋಯಾ. ನಾವಿಬ್ಬರೂ ಅಕ್ಕತಂಗಿಯರ ಹಾಗೆ ಬಹಳ ವರ್ಷದಿಂದ ಇದ್ದೇವೆ. ಹಾಗಾಗಿ ಅವಳು ಸುತ್ತಿ ಬಳಸಿ ಮಾತಾಡಲಿಲ್ಲ.

"ಅಕ್ಕ, ಮಧ್ಯಾಹ್ನ ಜೋಯಾನ ಕರ್ಕೊಂಡು ಬರ್ತೀನಿ. ಯಾವ ಬ್ಯಾಗು ತೋರಿಸಿದ್ರೂ ಸರಿಯಿಲ್ಲ ಅಂದ್ಬಿಡಿ."

ಪೊರಕೆ ಹಿಡಿದ ಕೈ ಹಾಗೇ ನಿಂತಿತು. "ಏನಂದೆ?"

ಆಮೇಲೆ ವಿಷಯ ಹೊರಬಂತು. ಜೋಯಾ ಚಾಮರಾಜನಗರದ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅಲ್ಲಿಯ ಒಂದು ತಂಡದವರು ಪುಣಜನೂರಿನ ಕಡೆ ಎರಡು ದಿನದ ಕಾಡುನಡಿಗೆ ಇಟ್ಟಿದ್ದಾರೆ. ಅರಣ್ಯದವರ ಅನುಮತಿ ಇದೆ, ಜೊತೆಗೆ ಲೇಡಿ ಟೀಚರ್ ಇದ್ದಾರೆ, ಒಂದು ರಾತ್ರಿ ಟೆಂಟಿನಲ್ಲಿ ಮಲಗಬೇಕು. ತಮ್ಮ ಸಾಮಾನು ತಾವೇ ಹೊತ್ತು ನಡಿಗೆ ಮುಗಿಸಿದವರನ್ನು ಮಾತ್ರ ಬೇಸಿಗೆ ರಜೆಯಲ್ಲಿ ಕಾಡು ತೋರಿಸುವ ಗೈಡ್ ತರಬೇತಿಗೆ ತೆಗೆದುಕೊಳ್ಳುತ್ತಾರೆ. ಜೋಯಾಗೆ ಆ ತರಬೇತಿ ಬೇಕು. ಬಸ್ಸಿನ ಕಿಟಕಿಯಿಂದ ತಂತಿ ಮೇಲಿನ ಹಕ್ಕಿ ನೋಡಿ ಹೆಸರು ಹೇಳುವ ಹುಡುಗಿ ಅದು, ಬೇಡ ಅಂದೀತೇ? ಅಪ್ಪ ಫೋನಿನಲ್ಲೇ ಹ್ಞೂಂ ಅಂದುಬಿಟ್ಟಿದ್ದಾನೆ. ಆಮೇಲೆ ನೇರವಾಗಿ ಹೋಗಬೇಡ ಎನ್ನಲು ಅಜೀಜಾಗೆ ಬಾಯಿ ಬರಲಿಲ್ಲ. ಅದಕ್ಕೇ ಒಂದು ಉಪಾಯ ಹೂಡಿದ್ದಾಳೆ. ನೀನು ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡಿಗೆ ನಾಗರತ್ನಕ್ಕ ಒಪ್ಪುವಂಥ ಬ್ಯಾಗು ಸಿಕ್ಕಿದರೆ ಹೋಗು, ಸಿಗದಿದ್ದರೆ ಇಲ್ಲ ಎಂದು ಮಗಳಿಗೆ ಹೇಳಿದ್ದಾಳೆ.

ನನಗೆ ಮೈಯೆಲ್ಲ ಉರಿದುಹೋಯಿತು. "ಸುಳ್ಳು ಏಳಕ್ಕೆ ನನ್ನ ಅಂಗ್ಡೀನೇ ಬೇಕಾಗಿತ್ತಾ ನಿಂಗೆ? ನೋಡು ಅಜೀಜಾ, ಒಳ್ಳೇದಾಗಿದ್ರೆ ಒಳ್ಳೇದು ಅಂತೀನಿ, ಕೆಟ್ಟದಾಗಿದ್ರೆ ಕೆಟ್ಟದು ಅಂತೀನಿ. ಅದ್ರ ಮ್ಯಾಲೆ ಒಂದಕ್ಸರ ಎಚ್ಚೂ ಇಲ್ಲ, ಕಮ್ಮೀನೂ ಇಲ್ಲ."

"ಅಷ್ಟೇ ಸಾಕು ಅಕ್ಕ," ಎಂದು ಅವಳು ನಕ್ಕಳು. "ಈ ರೇಟಿಗೆ ನೀವು ಯಾವ ಬ್ಯಾಗು ಒಪ್ತೀರಾ? ನಿಮ್ಮ ಅಂಗಡಿ ಮಾಲನ್ನೇ ನೀವು ಒಪ್ಪಲ್ಲ."

ಅವಳು ಹೋದ ಮೇಲೆ ನಾನು ಕಸ ಗುಡಿಸಿದ ರಭಸಕ್ಕೆ ಧೂಳು ರಸ್ತೆ ದಾಟಿತು. ನಾನು ಎಲ್ಲದರಲ್ಲೂ ಕೊಂಕು ತೆಗೆಯುವವಳಂತೆ! ನಿಜವೇ ಇರಬಹುದು, ಆದರೆ ಅದನ್ನು ಹೀಗೆ ಬಳಸಿಕೊಳ್ಳುವುದೇ?

ಮಧ್ಯಾಹ್ನ ತಾಯಿ ಮಗಳು ಇಬ್ಬರೂ ಬಂದರು. ಜೋಯಾ ಚಾಮರಾಜನಗರದ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಲಿ ಬಂದಿದ್ದಳು. ಹೊರಡಲು ಉಳಿದಿದ್ದುದು ಒಂದೇ ದಿನ.

"ಫೋನಲ್ಲಿ ಕಮ್ಮಿಗೆ ಸಿಗ್ತಿತ್ತು ಆಂಟಿ, ಆದ್ರೆ ಬರೋಕೆ ವಾರ ಆಗುತ್ತಂತೆ."

"ಬಂದಿದ್ರೂ ಏನ್ಮಾಡ್ತಿದ್ದೆ? ಫೋನು ನಿನ್ನ ಬೆನ್ನು ನೋಡ್ತದಾ? ತಿರುಗಮ್ಮಿ, ನೋಡನ."

ತಿರುಗಿದಳು. ಎತ್ತರದ ಹುಡುಗಿಯಲ್ಲ. ಕುತ್ತಿಗೆಯ ಬುಡದಿಂದ ಸೊಂಟದ ಮೂಳೆಯವರೆಗೆ ಗೇಣು ಹಾಕಿ ಅಳೆದೆ. ಗಂಡಸರ ಅಳತೆಗೆ ಮಾಡಿದ ಉದ್ದ ಚೀಲ ಹಾಕಿದರೆ ಇವಳ ಹಿಂಭಾಗಕ್ಕೆ ಬಡಿಯುತ್ತಿತ್ತು.

ಅವಳ ಕಣ್ಣು ಮೊದಲು ಹೋದದ್ದು ಹಸಿರು ಬಣ್ಣದ ಒಂದು ದಪ್ಪ ಚೀಲದ ಮೇಲೆ. ಲಾರಿ ಟಾರ್ಪಾಲಿನಂಥ ಬಟ್ಟೆ. "ಇದು ಗಟ್ಟಿ ಇದೆಯಲ್ವಾ ಆಂಟಿ?"

"ಗಟ್ಟಿ ಅದೆ. ಖಾಲೀದು ಎತ್ತು, ನೋಡನ."

ಎತ್ತಿದಳು, ಮುಖ ಹುಳ್ಳಗಾಯಿತು.

"ಏನೂ ತುಂಬ್ದೆ ಇಷ್ಟು ಭಾರ. ಬೆಟ್ಟದ ಮ್ಯಾಲೆ ನೀನು ಸಾಮಾನು ಒತ್ಕೊಂಡೋಗ್ತೀಯಾ, ಚೀಲಾನ ಒತ್ಕೊಂಡೋಗ್ತೀಯಾ? ಇದು ಬ್ಯಾಡ."

ಅಜೀಜಾ ಸ್ಟೂಲಿನ ಮೇಲೆ ಕುಳಿತು ಸೆರಗು ಸರಿಮಾಡಿಕೊಂಡಳು. ಅವಳ ಮುಖದಲ್ಲಿ ನೆಮ್ಮದಿ ಎದ್ದು ಕಾಣುತ್ತಿತ್ತು.

ಎರಡನೆಯದಕ್ಕೆ ಎಲ್ಲಿ ನೋಡಿದರಲ್ಲಿ ಜೇಬು, ಜೇಬಿಗೊಂದು ಜಿಪ್ಪು. ನಾನೇ ಎಳೆದು ತೋರಿಸಿದೆ, ಮೂಲೆಗೆ ಬಂದಾಗಲೆಲ್ಲ ಜಿಪ್ಪು ಬಟ್ಟೆ ಕಚ್ಚಿಕೊಂಡಿತು. ಸೊಂಟಕ್ಕೆ ಕಟ್ಟುವ ಪಟ್ಟಿಯಂತೂ ದೇವರಿಗೇ ಪ್ರೀತಿ. "ಇದು ಪಟ್ಟಿ ಅಲ್ಲ ಕಣಮ್ಮಿ, ಲಂಗದ ಲಾಡಿ. ಮಾರೋಳು ನಾನೇ ಏಳ್ತಾ ಇವ್ನಿ, ತಕ್ಕೋಬ್ಯಾಡ."

ಅಜೀಜಾ ಕೆಮ್ಮಿದಳು. ನಗು ತಡೆದುಕೊಂಡಳೆಂದು ನನಗೆ ಗೊತ್ತಾಯಿತು, ಮತ್ತೆ ಸಿಟ್ಟು ಬಂತು. ಮೇಲಿನ ಅಟ್ಟದಿಂದ ಮೂರನೆಯದನ್ನು ಇಳಿಸಿದೆ. ಬೂದು ನೀಲಿ ಬಣ್ಣ. ಒಂದು ರಾತ್ರಿಯ ಬಟ್ಟೆ, ಹೊದಿಕೆ, ನೀರು, ಊಟ ಹಿಡಿಯುವಷ್ಟೇ ದೊಡ್ಡದು. ಅದಕ್ಕಿಂತ ದೊಡ್ಡದು ಕೊಟ್ಟರೆ ನಮ್ಮ ಜನ ಜಾಗ ಖಾಲಿ ಬಿಡುವುದಿಲ್ಲ, ತೆಂಗಿನಕಾಯಿಯನ್ನಾದರೂ ತುರುಕುತ್ತಾರೆ. ಹಗುರ. ಬಟ್ಟೆ ಉಗುರಲ್ಲಿ ಗೀರಿದರೂ ಎಳೆ ಬಿಡಲಿಲ್ಲ. ಬೆನ್ನಿನ ಉದ್ದ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಸೊಂಟಕ್ಕೆ ಅಗಲವಾದ ಮೆತ್ತನೆಯ ಪಟ್ಟಿ, ತಳದಲ್ಲಿ ಮಳೆಗೆ ಹೊದಿಸುವ ಮುಸುಕು. ಬೆಲೆಯೂ ಅವಳ ದುಡ್ಡಿಗೆ ಹೊಂದುತ್ತಿತ್ತು.

ಪಕ್ಕದ ದಿನಸಿ ಅಂಗಡಿಯಿಂದ ಉಪ್ಪಿನ ಪ್ಯಾಕೆಟ್ಟುಗಳನ್ನು ಕೇಳಿ ತಂದು ತುಂಬಿಸಿದೆ. ಜೋಯಾ ಹೆಗಲಿಗೆ ಏರಿಸಿಕೊಂಡು ಮುಂದಕ್ಕೆ ಬಾಗಿದಳು.

"ಅಂಗಲ್ಲ ಕಣಮ್ಮಿ. ನೀರಿನ ಬಿಂದಿಗೆ ಎಲ್ಲಿಟ್ಕೊತೀಯಾ? ಸೊಂಟದಲ್ಲಿ ತಾನೇ? ಭಾರ ಅಲ್ಲೇ ಕೂತ್ಕೋಬೇಕು. ಮೊದ್ಲು ಸೊಂಟದ್ದು ಕಟ್ಟು. ಈಗ ಎಗಲಿಂದು ಎಳ್ಕೊ. ಎಂಗದೆ?"

ಅವಳು ನೆಟ್ಟಗೆ ನಿಂತಳು. ಕಣ್ಣು ಅಗಲವಾಯಿತು. "ಆಂಟಿ, ಭಾರ ಎಲ್ಲಿಗೆ ಹೋಯ್ತು?"

"ಓಗು, ಬಸ್ ಸ್ಟ್ಯಾಂಡು ಸುತ್ತಾಕ್ಕೊಂಡು ಬಾ."

ರಸ್ತೆ ದಾಟಿದಳು. ಊಟಿ ಬಸ್ಸಿನ ಕಂಡಕ್ಟರ್ ಇವಳನ್ನು ನೋಡಿ, "ಊಟಿ, ಊಟಿ, ಬನ್ನಿ ಮೇಡಂ!" ಎಂದು ಕೂಗಿದ. "ಇಲ್ಲ ಅಣ್ಣ, ಪುಣಜನೂರು!" ಎಂದು ಇವಳೂ ಅಷ್ಟೇ ಗಟ್ಟಿಯಾಗಿ ಕೂಗಿದಳು. ಸುತ್ತ ನಿಂತ ಜನ ತಿರುಗಿ ನೋಡಿದರು. ಅವಳು ಯಾರನ್ನೂ ನೋಡಲಿಲ್ಲ, ಭಾರ ಹೊತ್ತವಳ ಹಾಗಲ್ಲ, ಎಲ್ಲಿಗೋ ಹೊರಟವಳ ಹಾಗೆ ನಡೆದಳು. ಅಜೀಜಾ ಸ್ಟೂಲು ಬಿಟ್ಟು ಬಾಗಿಲಿಗೆ ಬಂದಿದ್ದಳು.

"ಎಷ್ಟು ನೆಟ್ಟಗೆ ನಡೀತಾಳೆ ನೋಡಿ," ಎಂದಳು. ಮರುಗಳಿಗೆ ತುಟಿ ಬಿಗಿದುಕೊಂಡಳು.

ಜೋಯಾ ಬೆವರುತ್ತಾ ನಗುತ್ತಾ ಬಂದಳು. ಚೀಲ ಇಳಿಸಿ, ನನ್ನ ಪದ್ಧತಿಯಂತೆ ತಲೆಕೆಳಗು ಮಾಡಿ ಒಂದೊಂದು ಕೂಡಿಕೆ ನೋಡಿದೆ. ತಳ ಸರಿ, ಬಕಲ್ ಸರಿ. ಹೆಗಲ ಪಟ್ಟಿ ಬೆನ್ನಿಗೆ ಕೂಡುವ ಜಾಗಕ್ಕೆ ಬಂದಾಗ ಕೈ ನಿಂತಿತು. ಎಡಗಡೆ ಒಂದೇ ಸಾಲು ಹೊಲಿಗೆ. ಅದರ ತುದಿಗೆ ಗಂಟಿಲ್ಲ, ಒಂದು ಸುತ್ತಿಗೇ ದಾರ ಸಡಿಲಾಗಿ ಹೊರಗೆ ಇಣುಕಿತ್ತು. ಬೆಟ್ಟದ ಅರ್ಧ ದಾರಿಯಲ್ಲಿ ಕಿತ್ತು ಬರುವಂಥದ್ದು. ಆ ನಮೂನೆಯಲ್ಲಿ ನನ್ನ ಬಳಿ ಉಳಿದಿದ್ದುದು ಅದೊಂದೇ.

ಇದನ್ನು ಹೇಳಿದರೆ ಹುಡುಗಿ ಹೋಗುವುದಿಲ್ಲ. ಹೇಳದಿದ್ದರೆ ಕೆಟ್ಟ ಪಟ್ಟಿ ಹೆಗಲಿಗೆ ಹಾಕಿಕೊಂಡು ಕಾಡಿಗೆ ಹೋಗುತ್ತಾಳೆ. ಸುಳ್ಳು ಹೇಳುವುದಿಲ್ಲ ಎಂದು ಬೆಳಿಗ್ಗೆ ಕೂಗಾಡಿದವಳು ನಾನೇ, ಈಗ ಒಂದು ಸುಳ್ಳಿಗಾಗಿ ಬಾಯಿ ತುರಿಸುತ್ತಿತ್ತು. ಜೋಯಾ ನನ್ನ ಬೆರಳನ್ನೇ ನೋಡುತ್ತಿದ್ದಳು. ನನ್ನ ಅಂಗಡಿಯಲ್ಲಿ ನಿಂತು ನಾನು ಅಷ್ಟು ಸಂಕಟಪಟ್ಟದ್ದು ಅದೇ ಮೊದಲು.

"ಇಲ್ಲ ಕಣಮ್ಮಿ," ಎಂದೆ. "ಎಲ್ಲಾ ಸರಿಯಾಗೇ ಅದೆ, ಈ ಒಲ್ಗೆ ಸರಿಯಾಗಿಲ್ಲ. ಇದನ್ನ ನಾನು ಒಪ್ಪಕ್ಕಿಲ್ಲ."

ಅವಳು ಅಳಲಿಲ್ಲ, ವಾದ ಮಾಡಲಿಲ್ಲ. "ಸರಿ ಆಂಟಿ," ಎಂದಳು. ಬಗ್ಗಿ, ಉಪ್ಪಿನ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ತೆಗೆದು ಕೌಂಟರಿನ ಮೇಲೆ ಜೋಡಿಸತೊಡಗಿದಳು. ಅದನ್ನು ನೋಡಲಾರದೆ ನಾನು ಅಜೀಜಾಳ ಕಡೆ ತಿರುಗಿದೆ. ಗೆದ್ದೆಯಲ್ಲ, ಸಂತೋಷಪಡು ತಾಯಿ ಎಂದು ಕಣ್ಣಲ್ಲೇ ಹೇಳುವವಳಿದ್ದೆ.

ಅಜೀಜಾ ನನ್ನನ್ನು ನೋಡುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಬೆಳಕಿಗೆ ಹಿಡಿದಿದ್ದಳು. ಹುಬ್ಬು ಗಂಟಿಕ್ಕಿತ್ತು.

"ಯಾರು ಹೊಲಿದಿದ್ದು ಇದನ್ನ?"

"ಯಾವನೋ ಫ್ಯಾಕ್ಟರಿಯವನು."

"ಇದನ್ನ ಹೊಲಿಗೆ ಅಂತಾರಾ? ಅಂಚು ಮಡಚಿಲ್ಲ, ದಾರ ಗಟ್ಟಿಯಾಗೋಕೆ ಹಿಂದಕ್ಕೆ ಮೆಷಿನ್ನು ಓಡಿಸಿಲ್ಲ. ಬಟ್ಟೆ ಇಷ್ಟು ಚೆನ್ನಾಗಿದೆ, ಪಟ್ಟಿ ಇಷ್ಟು ಚೆನ್ನಾಗಿದೆ. ಕೈಗೆ ಕೆಲಸ ಬರದವನು ಹೊಲಿದ ಅಂತ ಬ್ಯಾಗೇ ಬೇಡ ಅನ್ನೋದಾ ಅಕ್ಕ? ನನ್ನ ಮೆಷಿನ್ನಿಗೆ ಕೊಡಿ, ಆಮೇಲೆ ಆನೆ ಹಿಡಿದು ಎಳೆದ್ರೂ ಬರಲ್ಲ!"

ಜೋಯಾ ಉಪ್ಪಿನ ಪ್ಯಾಕೆಟ್ಟು ಎದೆಗವಚಿಕೊಂಡು ತಾಯಿಯ ಕಡೆ ತಿರುಗಿದಳು. "ಹಾಗಾದ್ರೆ ಹೋಗಬಹುದಾ, ಅಮ್ಮಿ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಜೀಜಾ ನನ್ನ ಮುಖ ನೋಡಿದಳು. ನಾನು ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ.

"ಒಲ್ಗೆ ಸರಿಯಾದ್ರೆ ನಂಗೆ ಒಪ್ಗೆ," ಎಂದೆ. "ಬೇರೆ ಏನೂ ಐಬಿಲ್ಲ."

ಗಟ್ಟಿ ನೈಲಾನ್ ದಾರ ತರಲು ಜೋಯಾಳನ್ನು ಓಡಿಸಿ, ತಂದ ಮೇಲೆ ಉಪ್ಪು ವಾಪಸ್ ಕೊಟ್ಟು ಬಾ ಎಂದು ಮತ್ತೆ ಓಡಿಸಿ, ನಾವಿಬ್ಬರೂ ಅಜೀಜಾಳ ಮನೆಯಲ್ಲಿ ಕುಳಿತೆವು. ಅಂಗಡಿಯ ಶಟರ್ ಅರ್ಧ ಎಳೆದು ಬಂದಿದ್ದೆ. ಅವಳು ಹಳೆಯ ದಾರ ಬಿಚ್ಚಿ, ಪಟ್ಟಿಯ ತುದಿ ಮಡಚಿ, ಸೂಜಿಯ ಕೆಳಗಿಟ್ಟಳು. ಚೌಕ ಹೊಲಿದಳು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿದಳು. ಬಲಗಡೆಯದು ಚೆನ್ನಾಗೇ ಇತ್ತು, ಅದನ್ನೂ ಬಿಚ್ಚಿ ಹೊಲಿದಳು.

"ಅಕ್ಕ, ಆನೆ ಇದೆ, ಹುಲಿ ಇದೆ ಅಂತ ಮನೆಯಲ್ಲಿ ದಿನಾ ಗಲಾಟೆ ಮಾಡಿದೆ," ಎಂದಳು, ತಲೆ ಎತ್ತದೆ. "ನನಗೆ ಅದರ ಭಯ ಅಲ್ಲ. ಹೋಗಿ ಅಷ್ಟು ದೊಡ್ಡ ಕಾಡು ನೋಡಿ ಬಂದಮೇಲೆ ಅವಳಿಗೆ ಈ ಮನೆ ಸಾಕಾಗುತ್ತಾ? ನಾನು ಸಾಕಾಗ್ತೀನಾ?"

ಏನಾದರೂ ಸಮಾಧಾನ ಹೇಳಬೇಕಿತ್ತು. ಬೆಳಗಿನಿಂದ ಅವಳ ಮೇಲಿದ್ದ ಸಿಟ್ಟು ಎಲ್ಲಿ ಇಳಿಯಿತೋ ಗೊತ್ತಾಗಲಿಲ್ಲ.

"ಸಾಕಾಗ್ದೆ ಇದ್ರೂ ಇರಬೌದು ಕಣೇ," ಎಂದೆ.

ಅವಳು ತಲೆಯಾಡಿಸಿದಳು. ದಾರ ಕತ್ತರಿಸಿ ಎದ್ದು ನಿಂತಳು. "ಒಂದು ಸಲ ಎಳೆದು ನೋಡ್ತೀನಿ. ಕಿತ್ತು ಬಂದ್ರೆ ಹೋಗೋದು ಬೇಡ ಅಂತೀನಿ. ನೀವು ಮಧ್ಯ ಮಾತಾಡಬಾರದು."

"ಆಯ್ತು, ಎಳಿ."

ಚೀಲವನ್ನು ನೆಲಕ್ಕೆ ಹಾಕಿ ಕಾಲಲ್ಲಿ ಮೆಟ್ಟಿಕೊಂಡಳು. ಪಟ್ಟಿಯನ್ನು ಎರಡೂ ಕೈಗೆ ಸುತ್ತಿ, ಹಲ್ಲು ಕಚ್ಚಿ ಎಳೆದಳು. ನೆಪಕ್ಕೆ ಎಳೆಯಲಿಲ್ಲ, ಕುತ್ತಿಗೆಯ ನರ ಉಬ್ಬುವಂತೆ ಎಳೆದಳು. ಬರಲಿ ಎಂದು ಎಳೆಯುತ್ತಿದ್ದಾಳೋ ಬಾರದಿರಲಿ ಎಂದು ಎಳೆಯುತ್ತಿದ್ದಾಳೋ ಅವಳಿಗೇ ಗೊತ್ತಿದ್ದಿರಲಾರದು. ಉಸಿರು ತೆಗೆದುಕೊಂಡು ಮತ್ತೊಮ್ಮೆ ಎಳೆದಳು. ಒಂದು ಎಳೆಯೂ ಅಲುಗಲಿಲ್ಲ. ಹೊರಗೆ ಓಣಿಯಲ್ಲಿ ಜೋಯಾಳ ಚಪ್ಪಲಿಯ ಸದ್ದು ಓಡಿ ಬರುತ್ತಿತ್ತು.

ಅಜೀಜಾ ನೆಲದ ಮೇಲೆ ಕುಸಿದು ಕುಳಿತಳು. ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಮುಖದಲ್ಲಿ ಮಾತ್ರ ಒಳ್ಳೆಯ ಕೆಲಸ ಮಾಡಿ ಮುಗಿಸಿದವಳ ಹೆಮ್ಮೆ ಇತ್ತು.

"ಬರ್ಲಿಲ್ಲ ಅಕ್ಕ," ಎಂದಳು.